ಉಬ್ಬಕ್ಷರಕ್ಕೆ ಕಾಣದ ದೀಪ: ಸನ್ ಇಡಬೇಕೋ, ಏರಿಯಾ ಇಡಬೇಕೋ?

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನ ಬೋರ್ಡಿಗೆಂದು ಬ್ಲೆಂಡರ್ ಎಂಬ 3ಡಿ ಚಿತ್ರ ತಂತ್ರಾಂಶದಲ್ಲಿ ಉಬ್ಬಕ್ಷರ ಮಾಡುತ್ತಿರುವ ನೀವು, ಚಿತ್ರದಲ್ಲಿ ತಾನು ಕಾಣದೆ ಅಕ್ಷರವನ್ನಷ್ಟೇ ಬೆಳಗಿಸಲು ಸೂರ್ಯನಂತೆ ಒಂದೇ ದಿಕ್ಕಿನಿಂದ ಬೆಳಕು ಬೀರುವ ಸನ್ ದೀಪ ಸೂಕ್ತವೋ, ಹಲಗೆಯಂಥ ಮೇಲ್ಮೈಯಿಂದ ಬೆಳಕು ಸೂಸುವ ಏರಿಯಾ ದೀಪ ಸೂಕ್ತವೋ ಎಂದು ಕೇಳಿದ್ದೀರಿ. ಬ್ಲೆಂಡರ್ ಉಚಿತವಾದ್ದರಿಂದ ಖರ್ಚಿನ ಪ್ರಶ್ನೆಯಿಲ್ಲ.

ಹೊಂದಿಸಲು ಸನ್ ಸುಲಭ. ಅದನ್ನು ಎಲ್ಲಿಟ್ಟರೂ ಬೆಳಕು ಒಂದೇ, ತಿರುಗಿಸಿದ ದಿಕ್ಕು ಮಾತ್ರ ಲೆಕ್ಕಕ್ಕೆ ಬರುತ್ತದೆ. ಏರಿಯಾದಲ್ಲಾದರೋ ದೂರ, ಅಳತೆ, ವ್ಯಾಟ್ ಮೂರನ್ನೂ ಗಮನಿಸಬೇಕು. ದೂರ ಎರಡು ಪಟ್ಟಾದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಅಳತೆಯನ್ನು ಹಿಗ್ಗಿಸಿದಂತೆ ನೆರಳಿನ ಅಂಚು ಮೃದುವಾಗಿ, ‘ದಾ’ ಅಕ್ಷರದ ದುಂಡಂಚಿನ ಮೇಲೆ ಬೆಣ್ಣೆ ಸವರಿದಂಥ ಹೊಳಪು ಹರಿಯುವುದನ್ನು ಕಂಡರೆ ಆ ಶ್ರಮ ಸಾರ್ಥಕವೆನಿಸುತ್ತದೆ.

ಗೋಡೆಯ ಮೇಲೆ ಬಿಸಿಲಿನ ಗಡುಸು ನೆರಳು ಬೇಕಿದ್ದರೆ ಸನ್, ಚಿನ್ನದ ಬಣ್ಣದ ಅಕ್ಷರ ಮಿನುಗಬೇಕಿದ್ದರೆ ಏರಿಯಾ ಆರಿಸಿಕೊಳ್ಳಿ. ದೀಪವನ್ನು ಆಯ್ದು ಶಿಫ್ಟ್ ಮತ್ತು ಟಿ ಒತ್ತಿದರೆ, ಮೌಸ್ ತೋರಿಸಿದ ಕಡೆಗೆ ಅದು ತಿರುಗುತ್ತದೆ.