ಚೋರ್ ಬಜಾರಿನ ಅಂಗಡಿ, ಪಾಲ್ ಬ್ರೇಡಿಯ ಎರಡು ಎಲ್‌ಪಿ

ಮೊದಲೇ ಹೇಳಿಬಿಡುತ್ತೇನೆ, ಶುಕ್ರವಾರ ಹೋಗಬೇಡಿ. ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಅಂಗಡಿಗಳು ಅವತ್ತು ಬಾಗಿಲು ಹಾಕಿರುತ್ತವೆ. ಡೊಂಬಿವ್ಲಿಯಿಂದ ಸ್ಲೋ ಲೋಕಲ್ ಹಿಡಿದು, ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದು, ಬೆವರು ಒರೆಸಿಕೊಳ್ಳುತ್ತಾ ನಡೆದು ಹೋಗಿ ಒಂದು ಸಲ ಬರಿಗೈಯಲ್ಲಿ ವಾಪಸ್ ಬಂದವನು ನಾನು. ಹಳೆ ರೆಕಾರ್ಡು ಮಾರುವ ಆ ಅಂಗಡಿಯ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಒಳಗೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕು, ಅಷ್ಟೇ ಜಾಗ. ಗೋಡೆ ತುಂಬಾ ಹಿಂದಿ ಸಿನಿಮಾ ರೆಕಾರ್ಡುಗಳು. ಇಂಗ್ಲಿಷಿನವೆಲ್ಲ ಕೆಳಗೆ ರಟ್ಟಿನ ಡಬ್ಬದಲ್ಲಿ, ಕುಕ್ಕರಗಾಲಲ್ಲಿ ಕೂತು ಹುಡುಕಬೇಕು. ಅಲ್ಲಿ ಸಿಕ್ಕಿದ್ದು ಐರಿಷ್ ಹಾಡುಗಾರ ಪಾಲ್ ಬ್ರೇಡಿಯ ಇವೆರಡು: ಜಾನಪದ ಗಾಯಕ ಆಂಡಿ ಅರ್ವೈನ್ ಜೊತೆ ಮಾಡಿದ 1976ರ ನೇರಳೆ ಕವರಿನದ್ದು, ಮತ್ತೆ 1981ರ ‘ಹಾರ್ಡ್ ಸ್ಟೇಷನ್’. ಅಂಗಡಿಯ ಚಾಚಾ 4200 ಅಂದರು, 3000ಕ್ಕೆ ಕೊಟ್ಟರು. ಒಂದೂ ಗೀರಿಲ್ಲ, ‘ಬಿಲ್ಕುಲ್ ಕ್ಲೀನ್’ ಅಂತ ಪ್ರಮಾಣ ಬೇರೆ.

ಬ್ರೇಡಿ ಹುಟ್ಟಿದ್ದು 1947ರಲ್ಲಿ, ಬೆಳೆದದ್ದು ಉತ್ತರ ಐರ್ಲೆಂಡಿನ ಸ್ಟ್ರಾಬೇನ್ ಊರಿನಲ್ಲಿ. ಜಾನ್‌ಸ್ಟನ್ಸ್, ಪ್ಲಾಂಕ್ಸ್‌ಟಿ ಅಂತ ತಂಡಗಳಲ್ಲಿ ಹಾಡಿ ಪಳಗಿದವನು. ನೇರಳೆ ರೆಕಾರ್ಡಿನಲ್ಲಿ ‘ಆರ್ಥರ್ ಮ್ಯಾಕ್‌ಬ್ರೈಡ್’ ಇದೆ, ಬರೀ ಗಿಟಾರ್ ಮತ್ತು ದನಿ, ಹತ್ತಿರ ಹತ್ತಿರ ಏಳು ನಿಮಿಷ. ಕ್ರಿಸ್‌ಮಸ್ ಬೆಳಗ್ಗೆ ಇಬ್ಬರು ಸಮುದ್ರದ ದಂಡೆಯಲ್ಲಿ ತಿರುಗಾಡುತ್ತಿರುತ್ತಾರೆ. ಸೈನ್ಯಕ್ಕೆ ಸೇರಿ, ಒಳ್ಳೆ ಬಟ್ಟೆ, ಕೈತುಂಬಾ ದುಡ್ಡು ಅಂತ ಸಾರ್ಜೆಂಟ್ ಪುಸಲಾಯಿಸುತ್ತಾನೆ. ಇವರು ಒಲ್ಲೆ ಅನ್ನುತ್ತಾರೆ, ಅವನು ಕತ್ತಿಗೆ ಕೈ ಹಾಕುತ್ತಾನೆ, ಇವರು ಚೆನ್ನಾಗಿ ಬಾರಿಸಿ ನಗಾರಿ ಹುಡುಗನ ನಗಾರಿಯನ್ನು ಒದ್ದು ಸಮುದ್ರಕ್ಕೆ ಎಸೆಯುತ್ತಾರೆ! ಹಲಗಲಿ ಬೇಡರ ಲಾವಣಿ ಕೇಳಿದವರಿಗೆ ಈ ಬಿಸಿ ಗೊತ್ತು. ಅದರಲ್ಲಿ ಹತಾರ ಕೊಡಲ್ಲ ಅಂದವರು, ಇದರಲ್ಲಿ ಹತಾರ ಹಿಡಿಯಲ್ಲ ಅಂದವರು. ಬ್ರೇಡಿ ಎಲ್ಲೂ ಕೂಗುವುದಿಲ್ಲ. ಗಿಟಾರ್ ಒಂದೇ ಓಟದಲ್ಲಿ ಓಡುತ್ತಿರುತ್ತದೆ, ಕತೆ ಅದರ ಮೇಲೆ ಕೂತು ಬರುತ್ತದೆ. ಬಾಬ್ ಡಿಲನ್ ಕೂಡ 1992ರಲ್ಲಿ ಈ ಹಾಡು ಹಾಡಿದ್ದಾನೆ. ನನಗೆ ಬ್ರೇಡಿಯದ್ದೇ ಸರಿ.

ಇಂಥವನು 1978ರಲ್ಲಿ ಇನ್ನೊಂದು ಜಾನಪದ ಆಲ್ಬಂ ಮಾಡಿದ. ಲಂಡನ್ನಿನ ‘ಮೆಲೊಡಿ ಮೇಕರ್’ ಪತ್ರಿಕೆ ಅದನ್ನು ವರ್ಷದ ಫೋಕ್ ಆಲ್ಬಂ ಅಂತ ಆರಿಸಿತು. ಆಮೇಲೆ ಏನು ಮಾಡಿದ? ಹಳೆಯ ಹಾಡುಗಳನ್ನು ಬಿಟ್ಟು ಡ್ರಮ್ಮು, ಎಲೆಕ್ಟ್ರಿಕ್ ಗಿಟಾರು, ತಾನೇ ಬರೆದ ಹಾಡು ಅಂತ ರಾಕ್ ಕಡೆ ಹೋದ. ಯಕ್ಷಗಾನ ಮೇಳದಲ್ಲಿ ಹೆಸರು ಮಾಡಿದ ಭಾಗವತರು ಒಂದು ದಿನ ಜಾಗಟೆ ಕೆಳಗಿಟ್ಟ ಹಾಗೆ. ‘ಹಾರ್ಡ್ ಸ್ಟೇಷನ್’ ಆ ಹೊಸ ದಾರಿಯ ಮೊದಲ ರೆಕಾರ್ಡು. ಡ್ರಮ್ಮಿನ ಸದ್ದು ಈಗ ಸ್ವಲ್ಪ ಹಳತು ಅನ್ನಿಸುತ್ತದೆ, ಸುಳ್ಳು ಹೇಳಲ್ಲ. ಆದರೆ ‘ನಥಿಂಗ್ ಬಟ್ ದ ಸೇಮ್ ಓಲ್ಡ್ ಸ್ಟೋರಿ’ ಬಂದಾಗ ಎದ್ದು ಕೂತೆ. ಇಂಗ್ಲೆಂಡಿಗೆ ದುಡಿಯಲು ಹೋದ ಐರಿಷ್ ಹುಡುಗನ ಹಾಡು, ಮಾತಿನ ಧಾಟಿ ಕೇಳಿದರೆ ಸಾಕು ಜನ ಅನುಮಾನದಿಂದ ನೋಡುತ್ತಿದ್ದ ಕಾಲದ್ದು. ನಮ್ಮಪ್ಪ ಕುಂದಾಪುರ ಕಡೆಯಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಎಸ್ಸೆಸ್ಸಿ ಮುಗಿಸಿದವರು. ಅವರಿಗೆ ಇಂಗ್ಲಿಷ್ ಹಾಡು ಆಗಿಬರಲ್ಲ. ನಾನು ಅರ್ಥ ಹೇಳಿದೆ. ‘ಇನ್ನೊಂದ್ಸಲ ಹಾಕು’ ಅಂದರು.

ಇನ್ನೊಂದ್ಸಲ ಹಾಕಿದಾಗಲೇ ಗೊತ್ತಾಗಿದ್ದು, ಮುಳ್ಳು ಅದೇ ಹಾಡಿನ ನಡುವೆ ಸಿಕ್ಕಿಕೊಂಡು ಒಂದೇ ಪದವನ್ನು ಜಗಿಯುತ್ತಿತ್ತು. ಮೊದಲ ಸಲ ಅದು ಹೇಗೆ ದಾಟಿತ್ತೋ! ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದರೆ ಕೂದಲಿನಷ್ಟು ತೆಳ್ಳನೆ ಗೀರು. ಕವರಿನ ಒಳಗೆ ಮಳೆಗಾಲದ ಬೂಷ್ಟು ಬೇರೆ.

ಮುಂದಿನ ವಾರ ತಗೊಂಡು ಹೋದೆ. ದುಡ್ಡು ವಾಪಸ್ ಇಲ್ಲ, ಬೇಕಾದರೆ ಬೇರೆ ಯಾವುದಾದರೂ ಎತ್ತಿಕೊ ಅಂದರು ಚಾಚಾ, ಮುಖ ಕೂಡ ಎತ್ತದೆ. ಒಂದು ಗಂಟೆ ಡಬ್ಬ ತಡಕಿದೆ. ಬ್ರೇಡಿಯ ಆಮೇಲಿನದ್ದು ಒಂದೂ ಇರಲಿಲ್ಲ. ಟೀನಾ ಟರ್ನರ್‌ ಸಿಕ್ಕಿದಳು, 1984ರ ‘ಪ್ರೈವೇಟ್ ಡ್ಯಾನ್ಸರ್’. ಅದರಲ್ಲಿ ‘ಸ್ಟೀಲ್ ಕ್ಲಾ’ ಬ್ರೇಡಿ ಬರೆದದ್ದು. ಅಮೆರಿಕದ ಗಾಯಕಿ ಬಾನಿ ರೇಟ್ ಕೂಡ 1991ರಲ್ಲಿ ಅವನ ಹಾಡು ಹಾಡಿ, ಅದರ ಹೆಸರನ್ನೇ ತನ್ನ ಆಲ್ಬಮ್ಮಿಗೆ ಇಟ್ಟಳು. ಅವನ ಹಾಡುಗಳು ಅವನಿಗಿಂತ ಜಾಸ್ತಿ ಊರು ಸುತ್ತಿವೆ, ಅಲ್ವಾ? ತವರಿನಲ್ಲಿ ಮಾತ್ರ ಜನ ಅವನನ್ನು ಬಿಟ್ಟವರಲ್ಲ, 2001ರಲ್ಲಿ ಡಬ್ಲಿನ್ನಿನ ವಿಕರ್ ಸ್ಟ್ರೀಟ್ ಸಭಾಂಗಣದಲ್ಲಿ 23 ರಾತ್ರಿ ಹಾಡಿದ್ದಾನೆ.

ಟೀನಾಳನ್ನು ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಗೀರಿನ ರೆಕಾರ್ಡನ್ನೇ ಮನೆಗೆ ತಂದೆ. ಅಂಗಡಿಗೆ ಐದಕ್ಕೆ ಎರಡೂವರೆ. ಹೋಗುವವರು ಅಲ್ಲೇ ಹಾಕಿಸಿ, ಎರಡೂ ಬದಿ ಪೂರ್ತಿ ಕೇಳಿ, ಆಮೇಲೆ ದುಡ್ಡು ಕೊಡಿ. ಮುಳ್ಳಿನ ತಲೆ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟರೆ ಈಗ ಹಾಡು ದಾಟಿಕೊಂಡು ಹೋಗುತ್ತದೆ. ರೆಕಾರ್ಡಿಗೆ ಒಳ್ಳೆಯದಲ್ಲ ಅಂತ ಗೊತ್ತು. ಅಪ್ಪ ಆ ನಾಣ್ಯವನ್ನು ಪ್ಲೇಯರಿನ ಪಕ್ಕದಲ್ಲೇ ಇಟ್ಟಿದ್ದಾರೆ.