ನಾಸಾದ ‘ಆಸ್ಟ್ರಾನಮಿ ಪಿಕ್ಚರ್ ಆಫ್ ದಿ ಡೇ’: ದಿನಾ ನೋಡುವವನ ವಿಮರ್ಶೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಎಷ್ಟೋ ಒಳ್ಳೆಯ ವಿಜ್ಞಾನ ವೆಬ್‌ಸೈಟ್‌ಗಳನ್ನು ಒಂದೆರಡು ವಾರ ನೋಡಿ ಮರೆತಿದ್ದೇನೆ. ಇದೊಂದನ್ನು ಮಾತ್ರ ವರ್ಷಗಳಿಂದ ಹೆಚ್ಚುಕಡಿಮೆ ದಿನಾ ತೆರೆಯುತ್ತೇನೆ. ಸ್ವಂತ ವೆಬ್‌ಸೈಟ್ ಇದ್ದು, ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ ಎನ್ನುವವರು ಇದನ್ನು ಒಂದು ತಿಂಗಳು ಗಮನಿಸಿ ನೋಡಬೇಕು.

ಇಲ್ಲಿ ಸಿಗುವುದು ದಿನಕ್ಕೊಂದು ಆಕಾಶದ ಚಿತ್ರ, ಕೆಳಗೆ ಖಗೋಳ ವಿಜ್ಞಾನಿ ಬರೆದ ಒಂದು ಪ್ಯಾರಾ. ಅಷ್ಟೇ. ಖಗೋಳ ವಿಜ್ಞಾನಿಗಳಾದ ರಾಬರ್ಟ್ ನೆಮಿರಾಫ್ ಮತ್ತು ಜೆರ್ರಿ ಬಾನೆಲ್ 1995ರ ಜೂನ್ 16ರಂದು ಶುರು ಮಾಡಿದ್ದು. ಪುಟದ ವಿನ್ಯಾಸ ಅಂದಿನಿಂದ ಹೆಚ್ಚೇನೂ ಬದಲಾಗಿಲ್ಲ. ತಾಣ ಹಳತಾಯಿತು ಅಂದ ಕೂಡಲೇ ಬಣ್ಣ, ಬ್ಯಾನರ್ ಬದಲಿಸಲು ದುಡ್ಡು ಸುರಿಯುತ್ತೇವೆ, ಅಲ್ವಾ? ಇವರು ಒಳಗಿನ ಸರಕನ್ನಷ್ಟೇ ಬದಲಿಸಿದರು.

ನನಗೆ ತುಂಬಾ ಹಿಡಿಸಿದ್ದು ವಿವರಣೆಯ ಕೆಳಗೆ ಬರುವ ಪುಟ್ಟ ಸಾಲು. ನಾಳೆಯ ಚಿತ್ರ ಯಾವುದು ಎನ್ನುವ ಸುಳಿವು, ಎರಡು ಮೂರು ಪದಗಳಲ್ಲಿ. ನಮ್ಮ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಅದನ್ನೂ ಕನ್ನಡದಲ್ಲಿ ಬರೆಯುತ್ತೇನೆ. ಏನಿರಬಹುದು ಅಂತ ಮಕ್ಕಳು ಸಂಜೆಯವರೆಗೂ ವಾದ ಮಾಡುತ್ತಾರೆ, ಮರುದಿನ ಬ್ಯಾಗ್ ಇಡುವ ಮೊದಲೇ ಬಂದು ಕೇಳುತ್ತಾರೆ. ಕೆಲವು ದಿನ ಆ ಜಾಗದಲ್ಲಿ ‘ಓಪನ್ ಸ್ಪೇಸ್’ ಅಂತಷ್ಟೇ ಇರುತ್ತದೆ, ಅಂದರೆ ಸುಳಿವೇ ಇಲ್ಲ. ಅಂದು ಮಕ್ಕಳಿಗೆ ನಿಜಕ್ಕೂ ಬೇಜಾರು.

ಹೊತ್ತೂ ಗೊತ್ತಿರುತ್ತದೆ. ಅಮೆರಿಕದ ಪೂರ್ವ ಭಾಗದಲ್ಲಿ ನಡುರಾತ್ರಿ ಆದಾಗ ಚಿತ್ರ ಬದಲಾಗುತ್ತದೆ. ನಮಗೆ ಆಗ ಬೆಳಗ್ಗೆ ಸುಮಾರು 9.30. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಹಾಗಾಗಿ ಮಾರ್ಚ್‌ವರೆಗೆ 10.30. ಆ ತಿಂಗಳುಗಳಲ್ಲಿ ಹೊಸ ಚಿತ್ರ ಪ್ರಾರ್ಥನೆಯ ಹೊತ್ತಿಗೆ ಸಿಗುವುದಿಲ್ಲ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹಾಕುತ್ತೇನೆ.

ಹೊಸದು ಬಂತೆಂದು ಹಳೆಯದನ್ನು ಅಳಿಸುವುದಿಲ್ಲ. ಪ್ರತಿ ದಿನದ ಪುಟಕ್ಕೂ ಬೇರೆ ವಿಳಾಸ. ಅದರಲ್ಲೇ ವರ್ಷ, ತಿಂಗಳು, ತಾರೀಖು ಇರುತ್ತದೆ. ಯಾವ ಮಗುವಿನ ಹುಟ್ಟುಹಬ್ಬ ಇದ್ದರೂ ಅದು ಹುಟ್ಟಿದ ದಿನದ ಚಿತ್ರವನ್ನು ತಕ್ಷಣ ತೆಗೆದು ತೋರಿಸಬಹುದು. ಇವತ್ತಿನ ವಿವರಣೆಯಲ್ಲೇ ಹಳೆಯ ಚಿತ್ರಗಳಿಗೆ ಲಿಂಕ್ ಕೊಟ್ಟಿರುತ್ತಾರೆ. ಸುಮ್ನೆ ಒಂದು ನೆಬ್ಯುಲಾ (ಬಾಹ್ಯಾಕಾಶದ ಅನಿಲ, ದೂಳಿನ ಮೋಡ) ನೋಡೋಣ ಅಂತ ಹೋದರೆ ಅರ್ಧ ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ವಾರದ ಕೊನೆಗೆ ಕೆಲವೊಮ್ಮೆ ಹಳೆಯ ಚಿತ್ರವನ್ನೇ ಮತ್ತೆ ಹಾಕುವುದುಂಟು. ನನ್ನ ತಕರಾರಿಲ್ಲ. ಈ ವರ್ಷ ಎಂಟನೇ ತರಗತಿಗೆ ಸೇರಿದವರಿಗೆ ಅದೂ ಹೊಸದೇ.

ಕೊರತೆಗಳೂ ಇವೆ. ಮೊಬೈಲಿನಲ್ಲಿ ಅಕ್ಷರ ಸಣ್ಣ, ಹಿಗ್ಗಿಸಿಕೊಂಡೇ ಓದಬೇಕು. ಇಂಗ್ಲಿಷ್ ಬಿಗಿಯಾಗಿರುತ್ತದೆ, ಕನ್ನಡ ಮಾಧ್ಯಮದ ಮಕ್ಕಳಿಗೆ ನೇರವಾಗಿ ಕೊಡಲು ಆಗುವುದಿಲ್ಲ. ಬಿಡಿಸಿ ಹೇಳಲು ಯಾರಾದರೂ ಜೊತೆಗಿರಬೇಕು.

ಶಾಲೆಗಳಲ್ಲಿ ಬಳಸುವವರಿಗೆ ಒಂದು ಮಾತು. ನಾಸಾ ತಾಣದಲ್ಲಿದೆ ಎಂದ ಮಾತ್ರಕ್ಕೆ ಎಲ್ಲ ಚಿತ್ರಗಳೂ ನಾಸಾದವಲ್ಲ. ಕಾಪಿರೈಟ್ ಅಂತ ಬರೆದಿದ್ದರೆ ಅದು ಫೋಟೊ ತೆಗೆದವರ ಸ್ವತ್ತು. ಅಂಥ ಚಿತ್ರವನ್ನು ನಾನು ಪ್ರಿಂಟ್ ಹಾಕುವುದಿಲ್ಲ. ತಾಣವನ್ನೇ ಪ್ರೊಜೆಕ್ಟರಿನಲ್ಲಿ ತೆರೆದು, ಫೋಟೊ ತೆಗೆದವರ ಹೆಸರನ್ನು ಮಕ್ಕಳ ಕೈಲೇ ಓದಿಸುತ್ತೇನೆ.