ಬ್ರೇಕ್ ಆಯಿಲ್ ಬದಲಾಯಿಸಿದ್ದೇವೆ ಅಂತ ಬಿಲ್ ಕೊಟ್ಟರೆ, ಅದನ್ನೇ ನಂಬಿ ಟ್ರ್ಯಾಕಿಗೆ ಹೋಗಬೇಡಿ

ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸಲು, ಹೊರಟಿರುವವರು ದಯವಿಟ್ಟು ಪೂರ್ತಿ ಓದಿ. ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಹೊಸದು ಹಾಕಿದ್ದೇವೆ ಅಂದರೆ ಅಷ್ಟಕ್ಕೇ ಕಾರು ತಗೊಂಡು ಬರಬೇಡಿ. ಚಕ್ರ ಬಿಚ್ಚಿಸಿ, ಬ್ರೇಕ್ ಒತ್ತಿದಾಗ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಮೇಲೆ ಹಳೇ ಆಯಿಲ್ ಇಳಿಸಲು ಇರುವ ನಿಪ್ಪಲ್‌ಗೆ ಸ್ಪ್ಯಾನರ್ ಬಿದ್ದಿದೆಯೋ ಇಲ್ಲವೋ ಕಣ್ಣಾರೆ ನೋಡಿ. ನನ್ನ ಕಾರಿನಲ್ಲಿ ಬಿದ್ದೇ ಇರಲಿಲ್ಲ.

ಕಾರು ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್. ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಓಡಿಸಲು ಹೆಸರು ಕೊಟ್ಟಿದ್ದೆ. ಹೋಗುವ ಮುಂಚೆ ಬೆಂಗಳೂರಿನ ಒಂದು ಗ್ಯಾರೇಜಿಗೆ ಬಿಟ್ಟು, ಹಳೇ ಆಯಿಲ್ ನಾಲ್ಕೂ ಚಕ್ರದಿಂದ ಪೂರ್ತಿ ಇಳಿಸಿ ಈ ರೇಸಿಂಗ್ ಡಾಟ್ 4 ದರ್ಜೆಯ ಆಯಿಲ್ ತುಂಬಿ ಅಂತ ಸೀಲ್ ಒಡೆಯದ ಬಾಟಲಿಗಳನ್ನೂ ಕೊಟ್ಟು ಬಂದೆ. ಮರುದಿನ ಬಿಲ್ಲಿನಲ್ಲಿ ಆ ಕೆಲಸದ ಕೂಲಿ ಪೂರ್ತಿ ಬರೆದಿದ್ದರು. ‘ಎಲ್ಲಾ ಆಯ್ತು ಸಾರ್, ಧೈರ್ಯವಾಗಿ ಹೋಗ್ಬನ್ನಿ’ ಅಂದರು. ಬಾನೆಟ್ ತೆಗೆದು ನೋಡಿದರೆ ಆಯಿಲ್ ಡಬ್ಬಿಯಲ್ಲಿ ತಿಳಿ ಹಳದಿ ಬಣ್ಣದ ಹೊಸ ಆಯಿಲ್. ಪೆಡಲ್ ಗಟ್ಟಿಯಾಗಿತ್ತು. ಬೆಂಗಳೂರಿನಿಂದ ಚೆನ್ನೈವರೆಗೆ ಹೈವೇಯಲ್ಲೂ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ.

ಟ್ರ್ಯಾಕಿನಲ್ಲಿ ಮೊದಲ ಸೆಷನ್ನಿನಲ್ಲೇ, ಕೆಲವು ಸುತ್ತು ಆದಮೇಲೆ, ಮೇನ್ ಸ್ಟ್ರೇಟ್ ಮುಗಿಯುವಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಮೆತ್ತಗೆ ಕೆಳಗಿಳಿದು ನೆಲ ಮುಟ್ಟಿತು. ಬಿಟ್ಟು ಬಿಟ್ಟು ಒತ್ತಿದಾಗ ಸ್ವಲ್ಪ ಹಿಡಿಯಿತು, ಗೇರ್ ಇಳಿಸಿದೆ, ಕಾರು ತಿರುವು ಬಿಟ್ಟು ಹೊರಗಿನ ಖಾಲಿ ಜಾಗಕ್ಕೆ ನುಗ್ಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಇದೇ ನೈಸ್ ರೋಡಿನಲ್ಲಿ, ಮುಂದೆ ಲಾರಿ ಇರುವಾಗ ಆಗಿದ್ದರೆ ಅಂತ ಈಗಲೂ ಯೋಚಿಸಲು ಭಯವಾಗುತ್ತದೆ.

ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಪಿಟ್‌ನಲ್ಲಿ ಬೇರೆಯವರ ಕಾರಿನ ಜೊತೆ ಬಂದಿದ್ದ ಮೆಕ್ಯಾನಿಕ್ ಒಬ್ಬರು, ಕಾರು ತಣ್ಣಗಾದ ಮೇಲೆ, ಚಕ್ರ ಬಿಚ್ಚಿ ಟಾರ್ಚ್ ಹಾಕಿದರು. ನಿಪ್ಪಲ್ ಮೇಲಿನ ರಬ್ಬರ್ ಟೋಪಿ ಸುತ್ತ ಬ್ರೇಕ್ ಧೂಳು, ಒಣಗಿದ ಕೆಸರು ಹೆಪ್ಪುಗಟ್ಟಿತ್ತು. ಟೋಪಿ ತೆಗೆದರೆ ನಿಪ್ಪಲ್ ಬಾಯಲ್ಲಿ ತುಕ್ಕು. ‘ಇದನ್ನ ಯಾರೂ ಮುಟ್ಟೇ ಇಲ್ಲ ಅಣ್ಣ’ ಅಂದರು. ಸ್ಪ್ಯಾನರ್ ಕೊಟ್ಟು ತಿರುಗಿಸಿದಾಗ ಪೈಪಿನಲ್ಲಿ ಬಂದದ್ದು ಡಿಕಾಕ್ಷನ್ ಥರ ಕಪ್ಪು ಆಯಿಲ್. ಗ್ಯಾರೇಜಿನವರು ಮೇಲಿನ ಡಬ್ಬಿಯದ್ದನ್ನು ಮಾತ್ರ ಹೀರಿ ತೆಗೆದು, ಅಷ್ಟೇ ಹೊಸದು ಸುರಿದಿದ್ದರು. ಬಿಸಿ ತಿನ್ನುವ ಕ್ಯಾಲಿಪರ್ ಒಳಗಿದ್ದದ್ದು ಹಳೆಯದೇ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಗುಣಮಟ್ಟದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ರೇಸಿಂಗ್ ಆಯಿಲ್‌ಗಳು ಹೊಸದಾಗಿದ್ದಾಗ 300 ಡಿಗ್ರಿ ದಾಟಿಯೂ ತಡೆಯುತ್ತವೆ, ನಾವು ದುಡ್ಡು ಕೊಡುವುದು ಅದಕ್ಕೇ. ಕುದಿದರೆ ಆವಿ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಅದನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ರಸ್ತೆಯಲ್ಲಿ ಇದು ಗೊತ್ತಾಗದಿರುವುದಕ್ಕೂ ಕಾರಣ ಇದೆ: 80 ಕಿಮೀ ವೇಗದಿಂದ ನಿಲ್ಲಿಸುವಾಗ ಹುಟ್ಟುವ ಶಾಖದ ನಾಲ್ಕು ಪಟ್ಟು 160ರಿಂದ ನಿಲ್ಲಿಸುವಾಗ ಹುಟ್ಟುತ್ತದೆ, ಅದೂ ಪ್ರತಿ ಸುತ್ತಿನಲ್ಲಿ, ಆರಲು ಬಿಡುವಿಲ್ಲದೆ.

ಇನ್ನೊಂದು ಅಪಾಯ. ಕಾರು ಆರಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾದಂತೆ ಅನಿಸುತ್ತದೆ. ‘ಸರಿಹೋಯ್ತು’ ಅಂತ ಮುಂದಿನ ಸೆಷನ್ನಿಗೆ ಹೊರಡುವವರನ್ನು ಕಂಡಿದ್ದೇನೆ. ಖಂಡಿತ ಬೇಡ. ಒಮ್ಮೆ ಕುದಿದ ಆಯಿಲ್ ಬದಲಾಯಿಸಲೇಬೇಕು.

ಹಾಗಾಗಿ ಗ್ಯಾರೇಜಿಗೆ ಬಿಡುವ ಮುಂಚೆ ನಿಪ್ಪಲ್ಲಿಗೂ ಕ್ಯಾಲಿಪರ್‌ಗೂ ಅಡ್ಡಲಾಗಿ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಬಿಡಿ. ತಿರುಗಿಸಿದ್ದರೆ ಗೆರೆ ಒಡೆದಿರುತ್ತದೆ. ಪೋರ್ಷೆಯಂಥ ಕಾರಿನ ಕ್ಯಾಲಿಪರಿನಲ್ಲಿ ಒಳಗೊಂದು, ಹೊರಗೊಂದು ನಿಪ್ಪಲ್ ಇರುತ್ತದೆ. ಒಳಗಿನದ್ದಕ್ಕೆ ಕೈ ಹಾಕುವುದು ಕಷ್ಟ ಅಂತ ಬಿಟ್ಟುಬಿಡುವವರೂ ಇದ್ದಾರೆ, ಅಲ್ಲೂ ಗೆರೆ ಇರಲಿ. ಇಳಿಸಿದ ಹಳೇ ಆಯಿಲ್ ಬಾಟಲಿಯಲ್ಲಿ ತೋರಿಸಿ ಅನ್ನಿ. ಡಬ್ಬಿಯದ್ದು ಮಾತ್ರ ತೆಗೆದಿದ್ದರೆ ತೋರಿಸುವಷ್ಟು ಇರುವುದಿಲ್ಲ. ಸಾಧ್ಯವಾದರೆ ಪಕ್ಕದಲ್ಲೇ ನಿಂತು ಮಾಡಿಸಿ. ನಿಲ್ಲಬೇಡಿ ಅಂದರೆ ಬೇರೆ ಗ್ಯಾರೇಜ್ ಹುಡುಕಿ. ಸೀಲ್ ಒಡೆದು ಉಳಿದ ಆಯಿಲ್ ಮುಂದಿನ ಸಲಕ್ಕೆ ಇಡಬೇಡಿ. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಡಾಟ್ 4ರ ಜೊತೆ ಬೆರೆಸಲೇಬಾರದು. 5.1 ಬೇರೆ, ಅದು ಸಿಲಿಕೋನ್ ಅಲ್ಲ.

ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ತೊಂದರೆ ಸಾಮಾನ್ಯವಾಗಿ ಆಯಿಲ್‌ದಲ್ಲ, ಡಿಸ್ಕಿಗೆ ಉಜ್ಜಿ ಹಿಡಿಯುವ ಪ್ಯಾಡ್‌ಗಳು ಮಿತಿಮೀರಿ ಕಾದಿವೆ ಅಂತ. ರಸ್ತೆಗೆಂದು ಮಾಡಿದ ಪ್ಯಾಡ್ ಟ್ರ್ಯಾಕಿನ ಬಿಸಿಗೆ ಹಿಡಿತ ಕಳೆದುಕೊಳ್ಳುತ್ತದೆ. ಅರ್ಧಕ್ಕಿಂತ ಹೆಚ್ಚು ಸವೆದ ಪ್ಯಾಡ್ ಹಾಕಿಕೊಂಡೂ ಹೋಗಬೇಡಿ, ತೆಳುವಾದಷ್ಟೂ ಶಾಖ ಬೇಗ ಪ್ಯಾಡ್ ಒತ್ತುವ ಪಿಸ್ಟನ್ ದಾಟಿ ಆಯಿಲ್‌ಗೆ ಹೋಗುತ್ತದೆ. ತೂತಿರುವ ಡಿಸ್ಕ್ ಆದರೆ ತೂತಿನ ಸುತ್ತಲಿನ ಸಣ್ಣ ಬಿರುಕುಗಳನ್ನು ಪ್ರತಿ ಸಲ ನೋಡಿ. ಒಂದು ತೂತಿನಿಂದ ಇನ್ನೊಂದಕ್ಕೆ ಮುಟ್ಟಿದ್ದರೆ ಆ ಡಿಸ್ಕ್ ಮುಗಿಯಿತು. ಕೊನೆಯ ಸುತ್ತು ಬ್ರೇಕ್ ಮುಟ್ಟದ ಹಾಗೆ ನಿಧಾನವಾಗಿ ಓಡಿಸಿ ತಣಿಸಿ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಇಡಿ.

ಗ್ಯಾರೇಜಿಗೆ ವಾಪಸ್ ಹೋಗಿ ನಿಪ್ಪಲ್ ಫೋಟೋ ತೋರಿಸಿದೆ. ‘ಹುಡುಗ ಮರೆತಿರಬೇಕು’ ಅಂದು ಕೂಲಿ ವಾಪಸ್ ಕೊಟ್ಟರು. ಅದೇ ಹುಡುಗ ಕೆಲಸ ಮಾಡಿದ ಬೇರೆ ಕಾರುಗಳವರಿಗೂ ಫೋನ್ ಮಾಡಿ ಹೇಳಿ ಅಂತ ಕೇಳಿದೆ. ನೋಡೋಣ ಅಂದರು, ಇದುವರೆಗೆ ಮಾಡಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇತ್ತೀಚೆಗೆ ಎಲ್ಲೇ ಬ್ರೇಕ್ ಆಯಿಲ್ ಬದಲಾಯಿಸಿಕೊಂಡಿದ್ದರೂ ಈ ವಾರ ಒಂದು ಚಕ್ರವನ್ನಾದರೂ ಬಿಚ್ಚಿಸಿ ನೋಡಿ.